ಕಣ್ಣಿಗೆ ಬೂದು, ಫೋಟೋದಲ್ಲಿ ಗುಲಾಬಿ: ನೀಹಾರಿಕೆಯ ಬಣ್ಣ ನಿಜಾನಾ?

ಇವತ್ತಿನ ಎಪಿಸೋಡ್ ಒಂದು ಅನುಮಾನದ ಬಗ್ಗೆ. ಟೆಲಿಸ್ಕೋಪಿನಲ್ಲಿ ಮೊದಲ ಸಲ ನೀಹಾರಿಕೆ ನೋಡಿದವರು ಸಾಮಾನ್ಯವಾಗಿ ಕೇಳೋದು ಒಂದೇ ಪ್ರಶ್ನೆ: "ಇಷ್ಟೇನಾ?" ರೀಲ್ಸ್‌ನಲ್ಲಿ ನೋಡಿದ್ದು ಗುಲಾಬಿ, ನೇರಳೆ ಬಣ್ಣದ ಮೋಡ. ಇಲ್ಲಿ ಕಾಣೋದು ಕನ್ನಡಿ ಮೇಲೆ ಉಸಿರು ಬಿಟ್ಟ ಹಾಗೆ ಒಂದು ಬೂದು ಮಬ್ಬು. ಹಾಗಾದ್ರೆ ಫೋಟೋಗಳೆಲ್ಲ ಎಡಿಟಿಂಗ್ ಮಾಡಿದ ಸುಳ್ಳಾ? ಎಐ ಚಿತ್ರಗಳು ತುಂಬಿರೋ ಈ ಕಾಲದಲ್ಲಿ ಇದು ನ್ಯಾಯವಾದ ಪ್ರಶ್ನೆ. ಉತ್ತರ ಹುಡುಕೋಕೆ ನಾನು ಒಂದೇ ನೀಹಾರಿಕೆ ತಗೊಳ್ತೀನಿ: ಓರಿಯನ್ ನೀಹಾರಿಕೆ, ಪಟ್ಟಿಯಲ್ಲಿ ಎಂ42.

ಎಲ್ಲಿದೆ, ಏನದು?

ಫೆಬ್ರವರಿಯಲ್ಲಿ ರಾತ್ರಿ 8 ಗಂಟೆ ಸುಮಾರಿಗೆ ತಲೆ ಎತ್ತಿ, ನೆತ್ತಿಯಿಂದ ಸ್ವಲ್ಪ ದಕ್ಷಿಣಕ್ಕೆ ನೋಡಿ. ಸಾಲಾಗಿ ಮೂರು ನಕ್ಷತ್ರ ಕಾಣ್ತವೆ. ಅದು ಮಹಾವ್ಯಾಧನ ನಡುಪಟ್ಟಿ. ಅದರ ಕೆಳಗೆ ನೇತಾಡೋ ಕತ್ತಿಯ ಮಧ್ಯದಲ್ಲಿ ಒಂದು ಚುಕ್ಕಿ ಮಸುಕಾಗಿದೆ. ಅದೇ ಎಂ42. ದೂರ ಸುಮಾರು 1,350 ಜ್ಯೋತಿರ್ವರ್ಷ. ಅಂದ್ರೆ ಇವತ್ತು ನಿಮ್ಮ ಕಣ್ಣಿಗೆ ಬೀಳೋ ಬೆಳಕು ಅಲ್ಲಿಂದ ಹೊರಟಾಗ ಬಾದಾಮಿಯಲ್ಲಿ ಚಾಲುಕ್ಯರು ಆಳ್ತಾ ಇದ್ರು.

ಅಲ್ಲಿ ಅನಿಲ, ಧೂಳು ಸೇರಿ ಹೊಸ ನಕ್ಷತ್ರಗಳು ಹುಟ್ತಾ ಇವೆ. ಮಧ್ಯದ ಎಳೆಯ ನಕ್ಷತ್ರಗಳ ಗುಂಪಿಗೆ ಟ್ರೆಪೀಜಿಯಂ ಅಂತ ಹೆಸರು. ಅವುಗಳ ಅತಿನೇರಳೆ ಕಿರಣ ಸುತ್ತಲಿನ ಹೈಡ್ರೋಜನ್ನನ್ನು ಹೊಳೆಯೋ ಹಾಗೆ ಮಾಡುತ್ತೆ. ಹೀಗೆ ಹೊಳೆಯೋ ಹೈಡ್ರೋಜನ್ನಿನ ಮುಖ್ಯ ಬಣ್ಣ ಗಾಢ ಕೆಂಪು, 656 ನ್ಯಾನೋಮೀಟರ್. ಆಮ್ಲಜನಕ ಕೊಡೋದು ಹಸಿರು, ಸುಮಾರು 500 ನ್ಯಾನೋಮೀಟರ್. ಬಣ್ಣ ಅಲ್ಲಿ ನಿಜವಾಗ್ಲೂ ಇದೆ.

ಕಣ್ಣಿಗೆ ಯಾಕೆ ಸಿಗಲ್ಲ?

ಬಣ್ಣ ಗುರುತಿಸೋ ಕೋಶಗಳಿಗೆ ಬೆಳಕು ಜಾಸ್ತಿ ಬೇಕು. ಕತ್ತಲಲ್ಲಿ ಅವು ಕೈಚೆಲ್ಲಿದಾಗ ಬೇರೆ ಕೋಶಗಳು ಕೆಲಸಕ್ಕೆ ಇಳಿತವೆ. ಅವಕ್ಕೆ ಬಣ್ಣ ಗೊತ್ತಿಲ್ಲ, ಆ ಗಾಢ ಕೆಂಪಂತೂ ಹೆಚ್ಚುಕಮ್ಮಿ ಕಾಣೋದೇ ಇಲ್ಲ. ಅದಕ್ಕೇ ಬೂದು. ದೊಡ್ಡ ಟೆಲಿಸ್ಕೋಪಿನಲ್ಲಿ ಕೆಲವರಿಗೆ ತೆಳು ಹಸಿರು ಛಾಯೆ ಕಾಣುತ್ತೆ, ಅದು ಆಮ್ಲಜನಕದ್ದು.

ಎರಡನೇ ಕಾರಣ ಸಮಯ. ನಾನು ಓದಿದ್ದು ಬಿಕಾಂ, ಹಾಗಾಗಿ ನನ್ನ ಭಾಷೇಲಿ ಹೇಳ್ತೀನಿ. ಕಣ್ಣು ಬಂದ ಬೆಳಕನ್ನ ಆಗಿಂದಾಗ್ಗೆ ಖರ್ಚು ಮಾಡುತ್ತೆ. ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಕೂಡಿಸಿ ಚಿತ್ರ ಕಟ್ಟಿ, ಮತ್ತೆ ಸೊನ್ನೆಯಿಂದ ಶುರು. ಕ್ಯಾಮೆರಾ ಆರ್‌ಡಿ ಖಾತೆ ಇದ್ದಂಗೆ. ಚೂರು ಚೂರು ಕಟ್ತಾ ಹೋಗುತ್ತೆ, ಕೊನೆಗೆ ದೊಡ್ಡ ಮೊತ್ತ ಆಗುತ್ತೆ.

ಈ ಐಡಿಯಾ ಹಳೇದು. 1880ರ ಸೆಪ್ಟೆಂಬರ್ 30ರಂದು ಅಮೆರಿಕದ ವೈದ್ಯ ಹೆನ್ರಿ ಡ್ರೇಪರ್ 11 ಇಂಚಿನ ಟೆಲಿಸ್ಕೋಪಿಗೆ ಫೋಟೋ ಪ್ಲೇಟ್ ಹಾಕಿ, 51 ನಿಮಿಷ ಬೆಳಕು ತುಂಬಿಸಿದ್ರು. ನೀಹಾರಿಕೆಯ ಮೊದಲ ಫೋಟೋ ಅದು, ತೆಗೆದಿದ್ದು ಇದೇ ಎಂ42ನ. 1883ರಲ್ಲಿ ಇಂಗ್ಲೆಂಡಿನ ಆಂಡ್ರ್ಯೂ ಕಾಮನ್ 36 ಇಂಚಿನ ಕನ್ನಡಿಯಿಂದ ಕಣ್ಣಿಗೆ ಕಾಣದ ನಕ್ಷತ್ರಗಳನ್ನೂ ಪ್ಲೇಟಿನಲ್ಲಿ ಹಿಡಿದ್ರು. ಅವರ ವೃತ್ತಿ ನೈರ್ಮಲ್ಯ ಎಂಜಿನಿಯರಿಂಗ್. ಇಬ್ಬರೂ ಹವ್ಯಾಸಿಗಳು.

ಇವತ್ತು ಹೇಗೆ ತೆಗೀತಾರೆ?

ಮೊದಲ ಸಮಸ್ಯೆ ಭೂಮಿ ತಿರುಗೋದು. ಆಕಾಶ 4 ನಿಮಿಷಕ್ಕೆ 1 ಡಿಗ್ರಿ ಸರಿಯುತ್ತೆ. ಎಂ42ನ ಅಗಲವೂ ಸುಮಾರು 1 ಡಿಗ್ರಿ, ಅಂದ್ರೆ ಹುಣ್ಣಿಮೆ ಚಂದ್ರನ ಎರಡರಷ್ಟು. ಅದಕ್ಕೆ ಟೆಲಿಸ್ಕೋಪನ್ನ ಅದೇ ವೇಗದಲ್ಲಿ ತಿರುಗಿಸೋ ಮೋಟಾರ್ ಬೇಕು.

ಎರಡನೇದು ಗದ್ದಲ, ಅಂದ್ರೆ ನಾಯ್ಸ್. ಒಂದೇ ಫೋಟೋದಲ್ಲಿ ಕಾಳು ಕಾಳಾಗಿ ಕಾಣುತ್ತಲ್ಲ, ಅದು. ಉಪಾಯ ಸ್ಟ್ಯಾಕಿಂಗ್: ನೂರಾರು ಫೋಟೋ ತೆಗೆದು, ನಕ್ಷತ್ರಗಳನ್ನ ಒಂದರ ಮೇಲೊಂದು ಕೂರಿಸಿ ಸರಾಸರಿ ತೆಗೆಯೋದು. ನೀಹಾರಿಕೆ ಪ್ರತಿ ಫೋಟೋದಲ್ಲೂ ಅದೇ ಜಾಗದಲ್ಲಿರುತ್ತೆ, ಗದ್ದಲ ಪ್ರತಿ ಸಲ ಬೇರೆ. ಸರಾಸರಿಯಲ್ಲಿ ಗದ್ದಲ ತಗ್ಗುತ್ತೆ. 100 ಫೋಟೋ ಸೇರಿಸಿದ್ರೆ ಸ್ಪಷ್ಟತೆ 10 ಪಟ್ಟು, 400 ಸೇರಿಸಿದ್ರೆ 20 ಪಟ್ಟು. ನಾಲ್ಕು ಪಟ್ಟು ದುಡಿದ್ರೆ ಎರಡು ಪಟ್ಟು ಲಾಭ. ಊರಿನ ದೀಪಗಳ ಬೆಳಕು ಜಾಸ್ತಿ ಇದ್ದಷ್ಟೂ ಇನ್ನೂ ಹೆಚ್ಚು ದುಡೀಬೇಕು.

ನಿಮ್ಮ ಫೋನಿನಲ್ಲೂ ಶುರು ಮಾಡಬಹುದು. ಟ್ರೈಪಾಡ್, ಪ್ರೋ ಮೋಡ್, ಫೋಕಸ್ ಅನಂತಕ್ಕೆ, 10 ಸೆಕೆಂಡಿನ 60 ಫೋಟೋ. ಮುಟ್ಟಿದಾಗ ಅಲ್ಲಾಡದ ಹಾಗೆ ಟೈಮರ್ ಇಡಿ. ಕಂಪ್ಯೂಟರಿನಲ್ಲಿ ಸಿರಿಲ್ ಅಥವಾ ಡೀಪ್ ಸ್ಕೈ ಸ್ಟ್ಯಾಕರ್ ಹಾಕ್ಕೊಳ್ಳಿ, ಎರಡೂ ಉಚಿತ. ಕತ್ತಿಯ ಮಧ್ಯೆ ಒಂದು ಪುಟ್ಟ ಗುಲಾಬಿ ಮಚ್ಚೆ ಬರುತ್ತೆ.

ಹಾಗಾದ್ರೆ ಯಾವುದನ್ನ ನಂಬೋದು?

ನನ್ನ ಅಭಿಪ್ರಾಯ: ಲೆಕ್ಕ ಕೊಡೋ ಫೋಟೋವನ್ನ. ಒಳ್ಳೆ ಹವ್ಯಾಸಿಗಳು ಫೋಟೋ ಕೆಳಗೆ ಟೆಲಿಸ್ಕೋಪ್, ಫಿಲ್ಟರ್, ಎಷ್ಟು ಸೆಕೆಂಡಿನ ಎಷ್ಟು ಫೋಟೋ, ಎಲ್ಲಾ ಬರೀತಾರೆ. ಕೆಲವು ಚಿತ್ರಗಳಲ್ಲಿ ಬಣ್ಣ ಬೇಕಂತಲೇ ಬದಲಾಗಿರುತ್ತೆ. 1995ರಲ್ಲಿ ಹಬಲ್ ತೆಗೆದ ಪ್ರಸಿದ್ಧ 'ಸೃಷ್ಟಿಯ ಸ್ತಂಭಗಳು' ಚಿತ್ರದಲ್ಲಿ ಹೈಡ್ರೋಜನ್ನಿಗೆ ಹಸಿರು, ಗಂಧಕಕ್ಕೆ ಕೆಂಪು, ಆಮ್ಲಜನಕಕ್ಕೆ ನೀಲಿ ಕೊಟ್ಟಿದ್ರು, ಯಾವ ಅನಿಲ ಎಲ್ಲಿದೆ ಅಂತ ಬೇರೆ ಬೇರೆಯಾಗಿ ಕಾಣಲಿ ಅಂತ. ಅದನ್ನ ಅವರೇ ಹೇಳಿದ್ರು. ಇದು ಮೋಸ ಆಗಲ್ಲ. ಬೆಳಕೇ ಬೀಳದ ಜಾಗಕ್ಕೆ ಎಐ ವಿವರ ತುಂಬಿಸಿ, 'ನಾನೇ ತೆಗೆದಿದ್ದು' ಅಂದ್ರೆ ಮೋಸ. ಎರಡನ್ನೂ ಒಂದೇ ತಕ್ಕಡೀಲಿ ಹಾಕಿ 'ಎಲ್ಲಾ ಫೇಕ್' ಅಂದುಬಿಟ್ರೆ, ರಾತ್ರಿಯಿಡೀ ಚಳೀಲಿ ಕೂತು ಬೆಳಕು ಕೂಡಿಸಿದವರಿಗೆ ಅನ್ಯಾಯ.

ಇನ್ನು ಆ ಬೂದು ಮಬ್ಬು. ಅದನ್ನ ಬಿಡಬೇಡಿ. ಫೋನ್ ಪಕ್ಕಕ್ಕಿಟ್ಟು 20-30 ನಿಮಿಷ ಕತ್ತಲಲ್ಲಿರಿ. ಆಮೇಲೆ ನೀಹಾರಿಕೆಯನ್ನ ನೇರವಾಗಿ ದಿಟ್ಟಿಸದೆ ಸ್ವಲ್ಪ ಪಕ್ಕಕ್ಕೆ ನೋಡಿ. ಕಣ್ಣಂಚಿಗೆ ಮಸುಕು ಬೆಳಕು ಚೆನ್ನಾಗಿ ಗೊತ್ತಾಗುತ್ತೆ. ನಿಧಾನಕ್ಕೆ ರೆಕ್ಕೆ ಬಿಚ್ಚಿದ ಹಕ್ಕಿಯ ಆಕಾರ, ಮಧ್ಯೆ ನಾಲ್ಕು ಪುಟ್ಟ ನಕ್ಷತ್ರ ಕಾಣ್ತವೆ. ಬಣ್ಣ ಇರಲ್ಲ, ಆದ್ರೆ ಎಡಿಟಿಂಗ್ ಕೂಡ ಇರಲ್ಲ.

ನೀವು ತೆಗೆದ ಫೋಟೋ ಶೇರ್ ಮಾಡುವಾಗ ಲೆಕ್ಕ ಬರೆಯೋದು ಮರೀಬೇಡಿ. ಮುಂದಿನ ಎಪಿಸೋಡಿನಲ್ಲಿ ಸಿಗೋಣ.