ವಿನೈಲ್ ರೆಕಾರ್ಡ್ ಎಂದರೆ ಶುದ್ಧ ಅನಲಾಗ್ ಧ್ವನಿಯೇ?

ಸಂದೇಶ: "ವಿನೈಲ್‌ನಲ್ಲಿ ಡಿಜಿಟಲ್ ಇಲ್ಲವೇ ಇಲ್ಲ, ಅದಕ್ಕೇ ಸಿಡಿಗಿಂತ ಚೆನ್ನಾಗಿ ಕೇಳಿಸುತ್ತದೆ" ಎನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು. ಇದನ್ನು ನಂಬಿ ಸಾವಿರಾರು ರೂಪಾಯಿ ಖರ್ಚು ಮಾಡುವವರಿದ್ದಾರೆ. ಹಾಗಾಗಿ ನಾವು ಇದನ್ನು ಪರಿಶೀಲಿಸಿದೆವು.

ಸತ್ಯಾಂಶ: ಅಮೆರಿಕದ ಮೊಬೈಲ್ ಫಿಡೆಲಿಟಿ ಕಂಪನಿಯ ದುಬಾರಿ ರೆಕಾರ್ಡ್‌ಗಳು ಪೂರ್ತಿ ಅನಲಾಗ್ ಎಂದೇ ಅನೇಕ ಕೇಳುಗರು ನಂಬಿದ್ದರು. ಅವುಗಳಲ್ಲಿ ಹಲವು ಡಿಜಿಟಲ್ ಪ್ರತಿಯಿಂದ ತಯಾರಾದವು ಎಂದು 2022ರಲ್ಲಿ ಕಂಪನಿಯ ಇಂಜಿನಿಯರ್‌ಗಳೇ ಒಪ್ಪಿಕೊಂಡರು. ಅಲ್ಲಿಯವರೆಗೆ ಆ ಧ್ವನಿಯನ್ನು ಹೊಗಳುತ್ತಿದ್ದವರ ಕಿವಿಗೆ ವ್ಯತ್ಯಾಸ ಗೊತ್ತಾಗಿರಲಿಲ್ಲ.

ಹಾಗಾದರೆ ಗುಣಮಟ್ಟ ಯಾವುದರ ಮೇಲೆ ನಿಂತಿದೆ?

ಮಾಸ್ಟರಿಂಗ್: ಜೋರಾದ ಬೇಸ್‌ಗೆ ಅಗಲವಾದ ಗೆರೆ ಬೇಕು. ಒಂದು ಬದಿಯಲ್ಲಿ ಹೆಚ್ಚು ನಿಮಿಷ ತುಂಬಿದರೆ ಧ್ವನಿ ತಗ್ಗಿಸಬೇಕಾಗುತ್ತದೆ. ಆಗ ಸರಸರ ಸದ್ದು ಎದ್ದು ಕೇಳುತ್ತದೆ. 12 ಇಂಚಿನ ಎಲ್‌ಪಿಯ ಹೊರ ಅಂಚಿನಲ್ಲಿ ಸೂಜಿಯಡಿ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಸಾಗಿದರೆ, ಒಳಗಡೆ ಸುಮಾರು 20 ಮಾತ್ರ. ಕೊನೆಯ ಹಾಡಿನಲ್ಲಿ 'ಸ', 'ಶ' ಒರಟಾಗಿ ಕೇಳಿಸಲು ಇದೇ ಮುಖ್ಯ ಕಾರಣ. ಒಳ್ಳೆಯ ಇಂಜಿನಿಯರ್ ಇದನ್ನು ಮೊದಲೇ ಲೆಕ್ಕ ಹಾಕಿರುತ್ತಾರೆ.

ಪ್ರೆಸ್ಸಿಂಗ್: ಲ್ಯಾಕರ್ ತಟ್ಟೆಯಲ್ಲಿ ಕೊರೆದ ಗೆರೆಗಳಿಂದ ಲೋಹದ ಅಚ್ಚು ತಯಾರಿಸಿ, ಬಿಸಿ ವಿನೈಲ್ ಮೇಲೆ ಒತ್ತುತ್ತಾರೆ. ಅಚ್ಚು ಸವೆದರೆ ಧ್ವನಿ ಮಂಕಾಗುತ್ತದೆ. ಅವಸರದಲ್ಲಿ ತಣಿಸಿದರೆ ರೆಕಾರ್ಡ್ ಬಾಗುತ್ತದೆ. ತೂತು ನಟ್ಟನಡುವೆ ಇಲ್ಲದಿದ್ದರೆ ಶ್ರುತಿ ಏರಿಳಿಯುತ್ತದೆ.

ತೀರ್ಮಾನ: ಸಂದೇಶ ದಾರಿ ತಪ್ಪಿಸುವಂಥದ್ದು. ವಿನೈಲ್ ಇಷ್ಟವಾದರೆ ಖಂಡಿತ ಕೊಳ್ಳಿ. ಆದರೆ 'ಅನಲಾಗ್' ಎಂಬ ಪದಕ್ಕೆ ಮಾರುಹೋಗದೆ, ಮಾಸ್ಟರಿಂಗ್ ಯಾರದ್ದು, ಪ್ರೆಸ್ಸಿಂಗ್ ಎಲ್ಲಿಯದು ಎಂದು ಕೇಳಿ. ಫಾರ್ವರ್ಡ್ ಮಾಡುವ ಮುನ್ನವೂ ಅಷ್ಟೇ.