ಚೀಲ ಒಂದೇ, ತುಂಬುವುದೆಷ್ಟು?

ಹಿಂದೆ ಹಾಡು ಕೇಳಲು ಕ್ಯಾಸೆಟ್‌ಗಳಿದ್ದವು. ಮನೆಯ ಹಿರಿಯರನ್ನು ಕೇಳಿ ನೋಡಿ. ಅವುಗಳೊಳಗೆ ಉದ್ದನೆಯ ಕಾಂತೀಯ ಪಟ್ಟಿ, ಅಂದರೆ ಟೇಪು ಇರುತ್ತಿತ್ತು. ಅಂಥ ಟೇಪು ಇಂದಿಗೂ ದೊಡ್ಡ ಕಂಪ್ಯೂಟರ್ ಕೇಂದ್ರಗಳಲ್ಲಿ ದುಡಿಯುತ್ತಿದೆ ಎಂದರೆ ನಂಬುವಿರಾ?

ಕಂಪ್ಯೂಟರ್ ಕೆಟ್ಟರೂ ಮಾಹಿತಿ ಉಳಿಯಲೆಂದು ಅದರ ಇನ್ನೊಂದು ಪ್ರತಿಯನ್ನು ಟೇಪಿನಲ್ಲಿ ಬರೆದಿಡುತ್ತಾರೆ. ಇದೇ ಬ್ಯಾಕಪ್. 2011ರ ಫೆಬ್ರವರಿಯಲ್ಲಿ ತಂತ್ರಾಂಶದ ದೋಷದಿಂದ, ಜಿಮೇಲ್ ಬಳಸುವ ಪ್ರತಿ 10,000 ಜನರಲ್ಲಿ ಸುಮಾರು 2 ಜನರ ಪತ್ರಗಳು ಮಾಯವಾದವು. ಟೇಪುಗಳು ಕಂಪ್ಯೂಟರಿನಿಂದ ಬೇರೆಯಾಗಿದ್ದುದರಿಂದ ದೋಷ ಅವುಗಳನ್ನು ಮುಟ್ಟಲಿಲ್ಲ. ಅವುಗಳಿಂದಲೇ ಪತ್ರಗಳನ್ನು ಮರಳಿ ಪಡೆಯಲಾಯಿತು.

2021ರಲ್ಲಿ ಬಂದ ಎಲ್‌ಟಿಓ-9 ಎಂಬ ಟೇಪನ್ನು ನೋಡೋಣ. ಅಂಗೈಯಷ್ಟು ಅಗಲದ ಡಬ್ಬಿಯಲ್ಲಿ 1,035 ಮೀಟರ್ ಉದ್ದದ ಪಟ್ಟಿ! ಇದರ ಸಾಮರ್ಥ್ಯ 18 ಟೆರಾಬೈಟ್, ಅಂದರೆ 18,000 ಗಿಗಾಬೈಟ್. ಆದರೆ 45 ಟೆರಾಬೈಟ್ ಎಂದೂ ಹೇಳುತ್ತಾರೆ. ಯಾವುದು ಸರಿ?

ಒಂದು ಚೀಲಕ್ಕೆ ಹತ್ತಿಯನ್ನು ಒತ್ತಿ ಒತ್ತಿ ತುಂಬಬಹುದು. ರಾಗಿಯನ್ನು ಹಾಗೆ ಒತ್ತಲು ಬರುವುದಿಲ್ಲ. ಮಾಹಿತಿಯೂ ಹೀಗೆಯೇ.

ನೀವೇ ಮಾಡಿ ನೋಡಿ. 'ಕಕಕಕಕಕಕಕ' ಎಂದು ಬರೆಯುವ ಬದಲು '8ಕ' ಎಂದು ಬರೆಯಿರಿ. 8 ಗುರುತುಗಳು 2ಕ್ಕೆ ಇಳಿದವು. ಈಗ 'ಕಮಲ' ಪದವನ್ನು ಅದೇ ರೀತಿ ಬರೆಯಿರಿ. '1ಕ1ಮ1ಲ' ಆಯಿತು. 3 ಇದ್ದದ್ದು 6 ಆಯಿತು! ಮತ್ತೆ ಮತ್ತೆ ಬರುವುದನ್ನು ಮಾತ್ರ ಹೀಗೆ ಕುಗ್ಗಿಸಬಹುದು.

ಟೇಪ್ ಯಂತ್ರವೂ ಇದಕ್ಕಿಂತ ಜಾಣತನದ ವಿಧಾನದಿಂದ ಮಾಹಿತಿಯನ್ನು ಕುಗ್ಗಿಸುತ್ತದೆ. ಎರಡೂವರೆ ಪಟ್ಟು ಕುಗ್ಗಿದರೆ 18ರ ಜಾಗದಲ್ಲಿ 45 ಹಿಡಿಯುತ್ತದೆ. ಪದಗಳು, ಪಟ್ಟಿಗಳು ಚೆನ್ನಾಗಿ ಕುಗ್ಗುತ್ತವೆ. ಮೊಬೈಲಿನಲ್ಲಿ ತೆಗೆದ ಫೋಟೋ, ವಿಡಿಯೋಗಳು ಸಾಮಾನ್ಯವಾಗಿ ಮೊದಲೇ ಕುಗ್ಗಿರುತ್ತವೆ. ಅವು ರಾಗಿಯಂತೆ, ಅವುಗಳಿಗೆ 18 ಎಂದೇ ಲೆಕ್ಕ ಹಿಡಿಯಬೇಕು.

ಜಾಗ ಪೋಲಾಗಲು ಇನ್ನೊಂದು ಕಾರಣ ಧೂಳು. ಬರೆಯುವ ಭಾಗದ ಮೇಲೆ ಕೊಳೆ ಕೂತರೆ ಬರಹ ತಪ್ಪುತ್ತದೆ. ಯಂತ್ರ ತಪ್ಪಾದ ಭಾಗವನ್ನು ಮುಂದಿನ ಜಾಗದಲ್ಲಿ ಮತ್ತೆ ಬರೆಯುತ್ತದೆ. ಆದ್ದರಿಂದ ಯಂತ್ರ ಸೂಚಿಸಿದಾಗ ಶುಚಿಗೊಳಿಸುವ ವಿಶೇಷ ಟೇಪನ್ನು ಹಾಕಬೇಕು.

ಕಂಪ್ಯೂಟರ್ ಮಾಹಿತಿಯನ್ನು ತೀರ ನಿಧಾನವಾಗಿ ಕೊಟ್ಟರೂ ತೊಂದರೆಯೇ. ಓಡುವ ಟೇಪು ನಿಂತು, ಹಿಂದೆ ಸರಿದು, ಮತ್ತೆ ಓಡಬೇಕು. ಬೂಟಿಗೆ ಪಾಲಿಷ್ ಹಾಕುವ ಬಟ್ಟೆಯಂತೆ ಹಿಂದೆ ಮುಂದೆ ಆಡುವುದರಿಂದ ಇದಕ್ಕೆ 'ಶೂಶೈನಿಂಗ್' ಎಂದು ಹೆಸರು. ಸಮಯ ಹಾಳು, ಟೇಪಿಗೂ ಸವೆತ. ಇದನ್ನು ತಗ್ಗಿಸಲು ಈಗಿನ ಯಂತ್ರಗಳು ತಮ್ಮ ವೇಗವನ್ನು ಕಡಿಮೆ ಮಾಡಿಕೊಳ್ಳಬಲ್ಲವು.

ಈಗ ಹೇಳಿ: ಮೊದಲೇ ಕುಗ್ಗಿಸಿದ 30 ಟೆರಾಬೈಟ್ ವಿಡಿಯೋಗಳಿಗೆ ಎಷ್ಟು ಎಲ್‌ಟಿಓ-9 ಟೇಪು ಬೇಕು? 45 ಎಂದು ನಂಬಿ ಒಂದೇ ತಂದವರ ಬ್ಯಾಕಪ್ ಅರ್ಧದಲ್ಲಿ ನಿಲ್ಲುತ್ತದೆ. ನೀವು 'ಎರಡು' ಎಂದಿರಾ? ಶಭಾಷ್!