ಕೆನಡಾದಲ್ಲಿ ಸೀಟು ದುಡ್ಡಿಗೆ ಸಿಗುತ್ತೆ, ಪಿಆರ್ ಅಲ್ಲ

‘ಯಾವ ಕೋರ್ಸ್ ತಗೊಂಡ್ರೆ ಕೆನಡಾದಲ್ಲಿ ಪಿಆರ್ ಸಿಗುತ್ತೆ?’

ಬಿಇ ಮುಗಿಸಿದ ಹುಡುಗ ಹುಡುಗಿಯರು ನನ್ನನ್ನು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಯಾವ ವಿಷಯ ಇಷ್ಟ, ಯಾವ ಯೂನಿವರ್ಸಿಟಿ ಒಳ್ಳೇದು ಅನ್ನೋದೆಲ್ಲ ಆಮೇಲಿನ ಮಾತು. ಇದರಲ್ಲಿ ತಪ್ಪೇನೂ ಇಲ್ಲ. ಅಪ್ಪನ ಸೈಟೋ, ಊರಿನ ಜಮೀನೋ ಅಡ ಇಟ್ಟು ಸಾಲ ಎತ್ತುವವರು ಅಲ್ಲೇ ನೆಲೆ ನಿಲ್ಲುವ ಲೆಕ್ಕ ಹಾಕೋದು ಸಹಜ. ಆದರೆ ಕೋರ್ಸ್ ಮುಗಿದರೆ ಪಿಆರ್ ತಾನಾಗಿ ಬರುತ್ತೆ ಎಂಬ ನಂಬಿಕೆ ಈ ಪ್ರಶ್ನೆಯೊಳಗೇ ಇದೆ. ವಾಸ್ತವದಲ್ಲಿ ಎರಡರ ನಡುವೆ ಮೂರು ಬಾಗಿಲುಗಳಿವೆ. ಕಳೆದ ಎರಡು ವರ್ಷಗಳಲ್ಲಿ ಮೂರರ ಬೀಗವೂ ಬದಲಾಗಿದೆ.

ಬಾಗಿಲು ಒಂದು: ಸ್ಟಡಿ ಪರ್ಮಿಟ್

2024ರ ಜನವರಿಯಲ್ಲಿ ಕೆನಡಾ ಸರ್ಕಾರ ವಿದೇಶಿ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕಿತು. ಆ ವರ್ಷ ಸುಮಾರು 3.6 ಲಕ್ಷ ಪರ್ಮಿಟ್ ಮಾತ್ರ, ಅಂದರೆ 2023ಕ್ಕಿಂತ ಶೇ 35ರಷ್ಟು ಕಡಿಮೆ. ಮಾಸ್ಟರ್ಸ್ ವಿದ್ಯಾರ್ಥಿಗಳು 2024ರಲ್ಲಿ ಈ ಮಿತಿಯಿಂದ ಹೊರಗಿದ್ದರು, 2025ರಲ್ಲಿ ಒಳಗೆ ಬಂದರು. 2026ರಿಂದ ಸರ್ಕಾರಿ ಸಂಸ್ಥೆಗಳಲ್ಲಿ ಮಾಸ್ಟರ್ಸ್ ಮಾಡುವವರು ಮತ್ತೆ ಹೊರಗೆ. ಖರ್ಚಿಗೆ ದುಡ್ಡಿದೆ ಅಂತ ತೋರಿಸಬೇಕಾದ ಮೊತ್ತ 10,000 ಡಾಲರ್‌ನಿಂದ 2024ರಲ್ಲಿ 20,635ಕ್ಕೆ, 2025ರ ಸೆಪ್ಟೆಂಬರ್‌ನಲ್ಲಿ 22,895ಕ್ಕೆ ಏರಿತು. ಫೀಸು ಇದರಲ್ಲಿ ಸೇರಿಲ್ಲ.

ಬಾಗಿಲು ಎರಡು: ಓದಿದ ಮೇಲಿನ ವರ್ಕ್ ಪರ್ಮಿಟ್

ಓದು ಮುಗಿದ ಮೇಲೆ ಸಿಗುವ ವರ್ಕ್ ಪರ್ಮಿಟ್ ಜೀವನದಲ್ಲಿ ಒಂದೇ ಸಲ. ಕೋರ್ಸ್ ಆಯ್ಕೆಗೆ ನಿಜವಾದ ತೂಕ ಇರೋದು ಇಲ್ಲಿ. 2024ರ ನವೆಂಬರ್ 1ರಿಂದ ಅರ್ಜಿ ಹಾಕಿದವರಲ್ಲಿ ಡಿಗ್ರಿಯಲ್ಲದ ಡಿಪ್ಲೊಮಾ, ಸರ್ಟಿಫಿಕೇಟ್ ಕೋರ್ಸ್‌ ಓದುವವರ ವಿಷಯ ಸರ್ಕಾರದ ಪಟ್ಟಿಯಲ್ಲಿರಬೇಕು. ಆರೋಗ್ಯ, ಕೃಷಿ, ವಿಜ್ಞಾನ–ತಂತ್ರಜ್ಞಾನ, ಪ್ಲಂಬಿಂಗ್–ವೆಲ್ಡಿಂಗ್ ಥರದ ಕಸುಬುಗಳು ಆ ಪಟ್ಟಿಯಲ್ಲಿವೆ. ನಮ್ಮವರು ಮುಗಿಬಿದ್ದು ಸೇರುತ್ತಿದ್ದ ಸಾಮಾನ್ಯ ಬಿಸಿನೆಸ್ ಮ್ಯಾನೇಜ್‌ಮೆಂಟ್ ಡಿಪ್ಲೊಮಾ ಇಲ್ಲ. ಸರ್ಕಾರಿ ಕಾಲೇಜಿನ ಹೆಸರಿನಲ್ಲಿ ಖಾಸಗಿ ಕಾಲೇಜು ನಡೆಸುವ ಕೋರ್ಸ್‌ಗಳಿಗೂ ಈಗ ಈ ಪರ್ಮಿಟ್ ಇಲ್ಲ.

ಬ್ಯಾಚುಲರ್ಸ್, ಮಾಸ್ಟರ್ಸ್, ಪಿಎಚ್‌ಡಿಗೆ ವಿಷಯದ ನಿರ್ಬಂಧ ಇಲ್ಲ. 2024ರ ಫೆಬ್ರವರಿಯಿಂದ, ಎರಡು ವರ್ಷಕ್ಕಿಂತ ಚಿಕ್ಕ ಮಾಸ್ಟರ್ಸ್‌ಗೂ ಮೂರು ವರ್ಷದ ಪರ್ಮಿಟ್ ಸಿಗಬಹುದು. ಒಂದು ವರ್ಷದ ಡಿಪ್ಲೊಮಾಗೆ ಸಿಗೋದು ಒಂದು ವರ್ಷ ಮಾತ್ರ. ಅಷ್ಟರಲ್ಲಿ ತಕ್ಕ ಕೆಲಸ ಹುಡುಕಿ, ಒಂದು ವರ್ಷದ ಅನುಭವ ತೋರಿಸಿ, ಅರ್ಜಿಯನ್ನೂ ಹಾಕಬೇಕು. ಕೆಲಸ ಸಿಗೋದು ಎರಡು ತಿಂಗಳು ತಡವಾದರೆ ಲೆಕ್ಕವೇ ಮುಗೀತು.

ಬಾಗಿಲು ಮೂರು: ಪಾಯಿಂಟ್ ಪಂದ್ಯ

ಕೊನೆಯ ಬಾಗಿಲು ಎಕ್ಸ್‌ಪ್ರೆಸ್ ಎಂಟ್ರಿ. ಇದು ನಮ್ಮ ಸಿಇಟಿ ಇದ್ದ ಹಾಗೆ. ಇಷ್ಟು ಅಂಕ ಬಂದರೆ ಪಾಸು ಅಂತ ಇಲ್ಲ. ಪ್ರತಿ ಡ್ರಾನಲ್ಲಿ ಕಟಾಫ್ ಬದಲಾಗುತ್ತೆ, ಅದಕ್ಕಿಂತ ಮೇಲಿದ್ದವರಿಗೆ ಕರೆ ಬರುತ್ತೆ.

ಒಂದು ಲೆಕ್ಕ ನೋಡಿ. 22ಕ್ಕೆ ಬಿಇ ಮುಗಿಸಿ ನೇರ ಹೋದ, ಮದುವೆಯಾಗದ ಹುಡುಗಿ. ಅಲ್ಲಿ ಎರಡು ವರ್ಷ ಮಾಸ್ಟರ್ಸ್, ಒಂದು ವರ್ಷ ಕೆಲಸ. ಐಇಎಲ್‌ಟಿಎಸ್‌ನಲ್ಲಿ ಲಿಸನಿಂಗ್ 8, ಉಳಿದ ಮೂರರಲ್ಲಿ 7. ವಯಸ್ಸಿಗೆ 110, ಓದಿಗೆ 135, ಇಂಗ್ಲಿಷಿಗೆ 124, ಕೆನಡಾ ಅನುಭವಕ್ಕೆ 40, ಓದು–ಭಾಷೆ ಜೋಡಿಗೆ 50, ಕೆನಡಾದಲ್ಲಿ ಓದಿದ್ದಕ್ಕೆ 30. ಒಟ್ಟು 489. ಕೆನಡಾ ಅನುಭವ ಇದ್ದವರಿಗಾಗಿ 2025ರಲ್ಲಿ ನಡೆದ ಡ್ರಾಗಳಲ್ಲಿ ಕಟಾಫ್ 500ರ ಕೆಳಗೆ ಇಳಿಯಲೇ ಇಲ್ಲ. ಅಂದರೆ ಎಲ್ಲವನ್ನೂ ಸರಿಯಾಗಿ ಮಾಡಿದ ಈಕೆಗೆ ಕರೆ ಇಲ್ಲ.

ಈಗ ಅದೇ ಹುಡುಗಿ ಮೊದಲು ಬೆಂಗಳೂರಿನಲ್ಲಿ ಮೂರು ವರ್ಷ ಕೆಲಸ ಮಾಡಿ ಹೋದಳು ಅಂದುಕೊಳ್ಳಿ. ಅರ್ಜಿ ಹಾಕುವಾಗ 28 ವರ್ಷ. 29ರವರೆಗೆ ವಯಸ್ಸಿನ ಪಾಯಿಂಟ್ ಪೂರ್ತಿ ಸಿಗೋದರಿಂದ ಅಲ್ಲಿ ನಷ್ಟ ಇಲ್ಲ. ಮೂರು ವರ್ಷದ ಹೊರದೇಶದ ಅನುಭವಕ್ಕೆ 50 ಸೇರಿ 539. 2025ರ ಬಹುತೇಕ ಡ್ರಾಗಳಲ್ಲಿ ಈಕೆಗೆ ಕರೆ ಬರುತ್ತಿತ್ತು.

ಗಮನಿಸಿ, ಕೆನಡಾದಲ್ಲಿ ಮಾಸ್ಟರ್ಸ್ ಓದಿದ್ದಕ್ಕೆ ಕೊಡುವ ಹೆಚ್ಚುವರಿ ಪಾಯಿಂಟ್ 30. ವೈಟ್‌ಫೀಲ್ಡ್‌ನ ಮೂರು ವರ್ಷಕ್ಕೆ 50, ಅದೂ ಸಂಬಳ ತಗೊಂಡು. ‘ಈ ಇನ್‌ಟೇಕ್‌ಗೇ ಹೋಗಿಬಿಡಿ, ತಡ ಮಾಡಬೇಡಿ’ ಅನ್ನುವ ಕನ್ಸಲ್ಟೆಂಟ್ ಈ ಲೆಕ್ಕ ಹೇಳೋದು ಅಪರೂಪ.

ಇನ್ನೆರಡು ಸಂಗತಿಗಳಿವೆ. ಫುಲ್‌ಟೈಮ್ ಓದುತ್ತಾ ಮಾಡಿದ ಕೆಲಸ ಕೆನಡಾ ಅನುಭವ ಅಂತ ಲೆಕ್ಕಕ್ಕೆ ಬರಲ್ಲ. ಕಾಫಿ ಅಂಗಡಿಯ ಕೌಂಟರ್ ಕೆಲಸ, ಓದು ಮುಗಿದ ಮೇಲೆ ಮಾಡಿದರೂ, ಕೌಶಲದ ಕೆಲಸಗಳ ಸಾಲಿಗೆ ಸೇರಲ್ಲ. ಮತ್ತೆ, ಜಾಬ್ ಆಫರ್‌ಗೆ ಸಿಗುತ್ತಿದ್ದ 50 ಅಥವಾ 200 ಪಾಯಿಂಟ್‌ಗಳನ್ನು 2025ರ ಮಾರ್ಚ್‌ನಲ್ಲಿ ತೆಗೆದುಹಾಕಿದರು. ಆಫರ್ ಲೆಟರ್ ದುಡ್ಡಿಗೆ ಕೊಡಿಸ್ತೀವಿ ಅನ್ನೋರನ್ನ ನಂಬಬೇಡಿ.

ಸಾಫ್ಟ್‌ವೇರ್‌ನವರಿಗೆ

ಕೆಲವು ಡ್ರಾಗಳು ನಿರ್ದಿಷ್ಟ ವೃತ್ತಿಗಳಿಗೆ ಮೀಸಲು. 2025ರ ಫೆಬ್ರವರಿಯಲ್ಲಿ ವಿಜ್ಞಾನ–ತಂತ್ರಜ್ಞಾನದ ಪಟ್ಟಿಯನ್ನು ಪರಿಷ್ಕರಿಸಿದಾಗ ಸಾಫ್ಟ್‌ವೇರ್ ಡೆವಲಪರ್, ಡೇಟಾ ಸೈಂಟಿಸ್ಟ್ ಹೊರಗೆ ಹೋದರು. ಸಿವಿಲ್, ಎಲೆಕ್ಟ್ರಿಕಲ್ ಇಂಜಿನಿಯರ್‌ಗಳು ಉಳಿದರು. ಇನ್ಶೂರೆನ್ಸ್ ಏಜೆಂಟ್ ಒಳಗೆ ಬಂದ! ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದ ನನಗೆ ಇದರ ತರ್ಕ ಇನ್ನೂ ಹೊಳೆದಿಲ್ಲ. ಅದೇ ವರ್ಷ ಮಾರ್ಚ್‌ನ ಫ್ರೆಂಚ್ ಡ್ರಾನಲ್ಲಿ ಕಟಾಫ್ ಇಳಿದದ್ದು 379ಕ್ಕೆ. ಎರಡನೇ ಡಿಪ್ಲೊಮಾಕ್ಕೆ ದುಡ್ಡು ಸುರಿಯುವ ಬದಲು ಎರಡು ವರ್ಷ ಶ್ರದ್ಧೆಯಿಂದ ಫ್ರೆಂಚ್ ಕಲಿಯೋದು ಹೆಚ್ಚು ಕೆಲಸಕ್ಕೆ ಬರಬಹುದು.

ಲಾಭ ಯಾರಿಗೆ, ಅಪಾಯ ಯಾರಿಗೆ?

ಒಂಟಾರಿಯೊ ಪ್ರಾಂತ್ಯದ ಸರ್ಕಾರ 2019ರಲ್ಲಿ ಸ್ಥಳೀಯ ವಿದ್ಯಾರ್ಥಿಗಳ ಫೀಸನ್ನು ಶೇ 10 ಇಳಿಸಿ, ಅಲ್ಲೇ ನಿಲ್ಲಿಸಿತು. ಕಾಲೇಜುಗಳು ಆ ಕೊರತೆಯನ್ನು ತುಂಬಿಕೊಂಡದ್ದು ಹಲವು ಪಟ್ಟು ಹೆಚ್ಚು ಫೀಸು ಕೊಡುವ ವಿದೇಶಿ ವಿದ್ಯಾರ್ಥಿಗಳಿಂದ. ನಮ್ಮೂರಿನ ಏಜೆಂಟರಿಗೆ ಅಡ್ಮಿಷನ್ ಲೆಕ್ಕದಲ್ಲಿ ಕಮಿಷನ್ ಬಂತು. ಬಾಡಿಗೆ ಏರಿ, ಅಲ್ಲಿನ ಮತದಾರರು ಸಿಟ್ಟಾದಾಗ ಸರ್ಕಾರ ನಿಯಮ ಬಿಗಿ ಮಾಡಿತು. 2025ಕ್ಕೆ ಐದು ಲಕ್ಷ ಪಿಆರ್ ಎಂದಿದ್ದ ಗುರಿ 3.95 ಲಕ್ಷಕ್ಕೆ ಇಳಿಯಿತು. ತನಗೆಷ್ಟು ಜನ ಬೇಕು ಎಂದು ತೀರ್ಮಾನಿಸುವ ಹಕ್ಕು ಆ ದೇಶಕ್ಕಿದೆ, ಅದರಲ್ಲಿ ತಕರಾರಿಲ್ಲ. ಆದರೆ ಫೀಸು ಕಾಲೇಜಿಗೆ ಸೇರಿತು, ಕಮಿಷನ್ ಏಜೆಂಟರಿಗೆ ಸೇರಿತು, ನಿಯಮ ಬದಲಾದ ನಷ್ಟ ಮಾತ್ರ ಪೂರ್ತಿ ವಿದ್ಯಾರ್ಥಿಯ ಮನೆಗೆ ಬಂತು. ಎರಡೂ ದೇಶಗಳಲ್ಲಿ ಈ ಮನೆಗಳ ಪರವಾಗಿ ಮಾತಾಡುವವರು ಕಡಿಮೆ. ವಿದ್ಯಾರ್ಥಿಗೆ ಅಲ್ಲಿ ವೋಟಿಲ್ಲ, ಇಲ್ಲಿ ಅದು ಚುನಾವಣೆಯ ವಿಷಯವೇ ಅಲ್ಲ.

ಎಲ್ಲ ದೇಶಗಳೂ ಹೀಗಿಲ್ಲ. ಜರ್ಮನಿಯಲ್ಲಿ ಡಿಗ್ರಿ ಪಡೆದವರಿಗೆ ಕೆಲಸ ಹುಡುಕಲು 18 ತಿಂಗಳು ಸಿಗುತ್ತೆ. ಓದಿಗೆ ತಕ್ಕ ಕೆಲಸದಲ್ಲಿ ಎರಡು ವರ್ಷ ಇದ್ದು, ಪಿಂಚಣಿ ನಿಧಿಗೆ ಕಂತು ಕಟ್ಟಿ, ಬಿ1 ಮಟ್ಟದ ಜರ್ಮನ್ ಕಲಿತರೆ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಅಲ್ಲಿ ಭಾಷೆ ಕಷ್ಟ, ನಿಜ. ಆದರೆ ಷರತ್ತು ಪೂರೈಸಿದರೆ ಸಾಕು, ಪಕ್ಕದವರ ರ್‍ಯಾಂಕ್ ನೋಡಬೇಕಾಗಿಲ್ಲ. ದೇಶ ಆರಿಸುವಾಗ ಮೊದಲು ನೋಡಬೇಕಾದದ್ದು ಇದನ್ನೇ: ಅಲ್ಲಿರೋದು ಷರತ್ತೋ, ಸ್ಪರ್ಧೆಯೋ?

ದುಡ್ಡು ಕಟ್ಟುವ ಮುಂಚೆ

ಕನ್ಸಲ್ಟೆಂಟ್ ಹತ್ರ ಮೂರು ಪ್ರಶ್ನೆಗೆ ಬರಹದಲ್ಲಿ ಉತ್ತರ ಕೇಳಿ. ಈ ಕೋರ್ಸ್‌ಗೆ ವರ್ಕ್ ಪರ್ಮಿಟ್ ಇದೆಯಾ, ಎಷ್ಟು ವರ್ಷಕ್ಕೆ? ಓದು ಮುಗಿದು ಒಂದು ವರ್ಷ ಕೆಲಸ ಮಾಡಿದರೆ ನನ್ನ ಪಾಯಿಂಟ್ ಎಷ್ಟು? ಈ ಕಾಲೇಜಿನಿಂದ ನಿಮಗೆ ಕಮಿಷನ್ ಬರುತ್ತಾ? ದುಡ್ಡು ತಗೊಂಡು ಕೆನಡಾ ವಲಸೆಯ ಸಲಹೆ ಕೊಡಲು ಅಲ್ಲಿನ ಕಾನೂನಿನ ಪ್ರಕಾರ ಲೈಸೆನ್ಸ್ ಇರಬೇಕು. ಅದರ ನಂಬರ್ ಕೇಳಿ, ಆನ್‌ಲೈನ್ ರಿಜಿಸ್ಟರ್‌ನಲ್ಲಿ ಹುಡುಕಿ ನೋಡಿ.

ಆಮೇಲೆ ಮನೆಯಲ್ಲಿ ಕೂತು ಇನ್ನೊಂದು ಲೆಕ್ಕ ಮಾಡಿ. ಪಿಆರ್ ಬರಲೇ ಇಲ್ಲ, ವಾಪಸ್ ಬಂದಿರಿ ಅಂದುಕೊಳ್ಳಿ. ಆ ಡಿಗ್ರಿಗೆ ಬೆಂಗಳೂರಿನಲ್ಲಿ ಸಿಗುವ ಸಂಬಳದಿಂದ ಸಾಲದ ಇಎಂಐ ಕಟ್ಟೋಕಾಗುತ್ತಾ? ಆಗುತ್ತೆ ಅನ್ನೋದಾದ್ರೆ ಧೈರ್ಯವಾಗಿ ಹೋಗಿ. ಆಗಲ್ಲ ಅನ್ನೋದಾದ್ರೆ, ಆ ಕೋರ್ಸ್ ಎಷ್ಟೇ ‘ಪಿಆರ್ ಫ್ರೆಂಡ್ಲಿ’ ಅಂತ ಬ್ರೋಷರ್‌ನಲ್ಲಿ ಬರೆದಿದ್ದರೂ ಅಪ್ಪನ ಸೈಟಿನ ಪತ್ರ ಬ್ಯಾಂಕಿಗೆ ಕೊಡಬೇಡಿ.